ಕಸ್ತೂರಿಯ ಟೆಲಿಫೋನ್ ಇಂಗ್ಲಿಷ್

ನಮ್ಮ ಭಾಷೆಯಲ್ಲಿ ಒಂದು ವಿಚಿತ್ರವಿದೆ. ಈಜು ಬರುತ್ತದೆ, ಅಡುಗೆ ಬರುತ್ತದೆ, ಸೈಕಲ್ ಹೊಡೆಯಲು ಬರುತ್ತದೆ, ಇಂಗ್ಲಿಷ್ ಬರುತ್ತದೆ ಎಂದು ಎಲ್ಲಕ್ಕೂ ಒಂದೇ ಕ್ರಿಯಾಪದ ಹಚ್ಚಿಬಿಡುತ್ತೇವೆ. ಈಜು ಬರುತ್ತದೆ ಎಂದವನನ್ನು ಬಾವಿಗೆ ನೂಕಿ ನೋಡಬಹುದು. ಅಡುಗೆ ಬರುತ್ತದೆ ಎಂದವರ ಸಾರನ್ನು ಒಂದು ಗುಟುಕು ಕುಡಿದು ನೋಡಬಹುದು. ಇಂಗ್ಲಿಷ್ ಬರುತ್ತದೆ ಎಂದವನನ್ನು ಮಾತ್ರ ಯಾರೂ ಎಲ್ಲಿಗೂ ನೂಕುವುದಿಲ್ಲ. ಅವನು ದಡದ ಮೇಲೆ ಒಣ ಧೋತರ ಉಟ್ಟುಕೊಂಡು, ಕೈಕಾಲು ಹೇಗೆ ಬಡಿಯಬೇಕು ಎಂಬ ನಿಯಮಗಳನ್ನು ಹೇಳುತ್ತ, ಊರ ಗೌರವಕ್ಕೆ ಪಾತ್ರನಾಗಿ, ನಿವೃತ್ತಿಯವರೆಗೆ ಹಾಯಾಗಿ ನಿಂತಿರಬಹುದು. ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ನಾನು ಹಾಗೆ ನಿಂತವನಾಗಿದ್ದೆ. ಐವತ್ತರ ದಶಕ ಮುಗಿದು ಅರವತ್ತರದು ಆಗ ತಾನೇ ಶುರುವಾಗಿತ್ತು. ಕೇಶ್ವಾಪುರದಲ್ಲಿ ನಮ್ಮ ಮನೆ. ಮನೆಯಲ್ಲಿ ಅವ್ವ, ತಂಗಿ ಕಸ್ತೂರಿ, ನಾನು. ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ನನ್ನ ಮದುವೆ ಇನ್ನೂ ಆಗಿರಲಿಲ್ಲ. ಓಣಿಯವರೆಲ್ಲ ನನ್ನನ್ನು ‘ಇಂಗ್ಲಿಷ್ ಮಾಸ್ತರು’ ಎಂದೇ ಕರೆಯುತ್ತಿದ್ದರು. ತಾರು ಬಂದರೆ ನನ್ನ ಹತ್ತಿರ ತಂದು ಓದಿಸುತ್ತಿದ್ದರು. ತಾರಿನಲ್ಲಿ ಆರೇಳು ಶಬ್ದಕ್ಕಿಂತ ಹೆಚ್ಚು ಇರುತ್ತಿರಲಿಲ್ಲವಾದ್ದರಿಂದ ನನ್ನ ಕೀರ್ತಿಗೆ ಅಪಾಯವೇನೂ ಇರಲಿಲ್ಲ.

ಅಪಾಯ ಬಂದದ್ದು ಧಾರವಾಡದಿಂದ. ಇಂಗ್ಲಿಷ್ ಕಲಿಸುವುದಕ್ಕೆ ಹೊಸ ಪದ್ಧತಿ ಬಂದಿದೆ, ಎಲ್ಲ ಮಾಸ್ತರರೂ ತರಬೇತಿಗೆ ಬರಬೇಕು ಎಂದು ಆಜ್ಞೆಯಾಯಿತು. ದಿನವೂ ಬಸ್ಸು ಹತ್ತಿ ಹೋಗಿ ಬರುವುದು. ನಮಗೆ ಕಲಿಸಲು ಇದ್ದವರು ದೇಸಾಯಿ ಸರ್ ಎಂಬವರು. ತೆಳ್ಳಗಿನ ಮನುಷ್ಯ, ಎಂಥ ಬಿಸಿಲಿನಲ್ಲೂ ಕೊರಳಿನ ಟೈ ಬಿಚ್ಚದವರು. ಮೊದಲ ದಿನವೇ ಅವರು, “ನೋಡ್ರಿ, ಹುಡುಗಗ ಏನ್ ಗೊತ್ತೈತಿ ಅಂತ ಇನ್ನ ಮುಂದ ಕೇಳಬ್ಯಾಡ್ರಿ. ಗೊತ್ತಿದ್ದದ್ದರಿಂದ ಅವ ಏನ್ ಮಾಡತಾನ, ಅದನ್ನ ಕೇಳ್ರಿ. ಒಂದೊಂದು ಪಾಠ ಮುಗಿದಾಗ ಅವನ ಕೈಯಾಗ ಒಂದೊಂದು ಕೆಲಸ ಇರಬೇಕು,” ಎಂದರು. ಆಮೇಲೆ ಏನು ತೋಚಿತೋ, ಮುಂದಿನ ಬೆಂಚಿನಲ್ಲಿದ್ದ ನನ್ನ ಕಡೆ ತಿರುಗಿ, “ಪ್ಲೀಜ್ ಓಪನ್ ದಿ ವಿಂಡೋ,” ಎಂದರು.

ನಾನು ಕೂಡಲೇ ಎದ್ದು ನಿಂತೆ. ಇಂಥ ಅವಕಾಶಕ್ಕಾಗಿಯೇ ಮುಂದಿನ ಬೆಂಚು ಹಿಡಿದಿದ್ದೆ. “ಇದು ಆಜ್ಞಾರ್ಥಕ ವಾಕ್ಯ, ಸರ್. ಇದರ ಕರ್ತೃ ‘ಯು’, ಅದು ಅಧ್ಯಾಹಾರ. ‘ಓಪನ್’ ಸಕರ್ಮಕ ಕ್ರಿಯಾಪದ. ‘ವಿಂಡೋ’ ಕರ್ಮ. ‘ದಿ’ ಯಾಕೆಂದರೆ...” ಎಂದು ಒಂದೇ ಉಸಿರಿನಲ್ಲಿ ವಾಕ್ಯವನ್ನು ಬಿಡಿಬಿಡಿಯಾಗಿ ಬಿಚ್ಚಿ ಮೇಜಿನ ಮೇಲೆ ಹರವಿದೆ. ದೇಸಾಯಿ ಸರ್ ಪೂರ್ತಿ ಕೇಳಿದರು. ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. “ಎಲ್ಲಾ ಖರೇರಿ ಮಾಸ್ತರ. ಆದರ ಧಗಿ ಇನ್ನೂ ಒಳಗ ಐತಿ,” ಎಂದರು. ಹಿಂದಿನ ಬೆಂಚಿನ ಯಾರೋ ಎದ್ದು ಹೋಗಿ ಕಿಟಕಿ ತೆಗೆದರು. ಗಾಳಿ ಬಂತು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಬಸ್ಸಿನಲ್ಲಿ ವಾಪಸು ಬರುವಾಗ ನವಲೂರು ದಾಟುವವರೆಗೂ ಯೋಚಿಸುತ್ತಲೇ ಇದ್ದೆ. ನಾನು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೂ ಕಿಟಕಿ ಮುಚ್ಚಿಯೇ ಇತ್ತು. ಹಾಗಾದರೆ ನನಗೆ ಬಂದದ್ದಾದರೂ ಏನು? ಈ ಪ್ರಶ್ನೆ ಅವಮಾನಕ್ಕಿಂತ ಹೆಚ್ಚಾಗಿ ನನಗೆ ಕುತೂಹಲ ಹುಟ್ಟಿಸಿತು. ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಕಬ್ಬಿನ ಸಿಬಿರಿನ ಹಾಗೆ ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು.

ಮತಾಂತರ ಹೊಂದಿದವನ ಉತ್ಸಾಹದಿಂದ ನಾನು ಶಾಲೆಯಲ್ಲಿ ಹೊಸ ಪದ್ಧತಿ ಶುರುಮಾಡಿದೆ. ಒಂದು ಶುಕ್ರವಾರ, ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗನನ್ನು ಎಬ್ಬಿಸಿ ಇಂಗ್ಲಿಷಿನಲ್ಲಿ “ಬಾಗಿಲಿಗೆ ಹೋಗು” ಎಂದೆ, ಹೋದ. “ಬಾಗಿಲು ತೆಗೆ” ಎಂದೆ, ತೆಗೆದ. “ಹೊರಗೆ ಹೋಗು” ಎಂದೆ, ಹೋದ. ನಾನು ಆನಂದದಿಂದ ವರ್ಗಕ್ಕೆ, “ನೋಡಿದಿರಾ, ಭಾಷೆ ಅಂದರೆ ಕೆಲಸ!” ಎಂದು ವಿವರಿಸುತ್ತ ನಿಂತೆ. ಹುಡುಗ ಮತ್ತೆ ಕಂಡದ್ದು ಸೋಮವಾರ. ಗದರಿಸಿದರೆ, “ಒಳಗ ಬಾ ಅಂತ ನೀವು ಅನ್ನಲೇ ಇಲ್ಲಲ್ರಿ ಸರ್,” ಎಂದ. ಪದ್ಧತಿಯ ಪ್ರಕಾರ ಅವನು ಹೇಳಿದ್ದೇ ಸರಿಯಾದ್ದರಿಂದ ಹಾಜರಿ ಹಾಕಿ ಕೂರಿಸಿದೆ.

ಹೀಗಿರುವಾಗ ಟೆಲಿಫೋನ್ ಆಪರೇಟರರ ಕೆಲಸಕ್ಕೆ ಹುಡುಗಿಯರನ್ನು ತೆಗೆದುಕೊಳ್ಳುತ್ತಾರೆಂದು ಗೊತ್ತಾಯಿತು. ಕಸ್ತೂರಿ ಅರ್ಜಿ ಹಾಕಿದಳು, ಸಂದರ್ಶನಕ್ಕೆ ಕರೆಯೂ ಬಂತು. ಇಲ್ಲಿ ನನ್ನ ತಂಗಿಯ ಬಗ್ಗೆ ಸ್ವಲ್ಪ ಹೇಳಬೇಕು. ಕಸ್ತೂರಿ ಮನೆಯಲ್ಲಿ ಮಾತಿನ ಮಲ್ಲಿ. ಅವಳು ಬಾಯಿ ತೆರೆದರೆ ನಮ್ಮ ಓಣಿಯ ಕಾಯಿಪಲ್ಲೆಯವನೂ ಬುಟ್ಟಿ ಇಳಿಸಿ ಕೇಳುತ್ತ ನಿಲ್ಲುತ್ತಿದ್ದ. ಮೆಟ್ರಿಕ್ಕಿನಲ್ಲಿ ಇಂಗ್ಲಿಷಿಗೆ ಒಳ್ಳೆಯ ಅಂಕಗಳನ್ನೇ ಪಡೆದಿದ್ದಳು, ನಾನೇ ಕಲಿಸಿದ್ದೆ. ಆದರೆ ಹಿಂದಿನ ವರ್ಷ ಬೇರೊಂದು ಕಚೇರಿಯ ಸಂದರ್ಶನಕ್ಕೆ ಹೋದಾಗ ಸಾಹೇಬರು ಇಂಗ್ಲಿಷಿನಲ್ಲಿ, ಇಲ್ಲಿಗೆ ಹೇಗೆ ಬಂದಿರಿ ಎಂದು ಕೇಳಿದ್ದರಂತೆ. ಟಾಂಗಾದಲ್ಲಿ ಬಂದೆ ಅನ್ನುವುದಕ್ಕೆ ಭೂತಕಾಲದಲ್ಲಿ ಯಾವ ರೂಪ, ‘ಇನ್’ ಬರುತ್ತದೋ ‘ಬೈ’ ಬರುತ್ತದೋ, ಬಂದರೆ ‘ಎ’ ಬೇಕೋ ಬೇಡವೋ ಎಂದು ಇವಳು ಲೆಕ್ಕ ಹಾಕುತ್ತಿರುವಾಗಲೇ ಅವರು ಮುಂದಿನವರನ್ನು ಕರೆದುಬಿಟ್ಟರು. ಮನೆಗೆ ಬಂದು ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅತ್ತಳು. ಅಂದಿನಿಂದ ಇಂಗ್ಲಿಷ್ ಎಂದರೆ ಹಲ್ಲಿ ಕಂಡವಳ ಹಾಗೆ ಆಡುತ್ತಿದ್ದಳು. ಈ ಕೆಲಸಕ್ಕೆ ವಯಸ್ಸಿನ ಮಿತಿ ಬೇರೆ ಇತ್ತು. ಮುಂದಿನ ವರ್ಷ ಅರ್ಜಿ ಹಾಕುವಂತಿರಲಿಲ್ಲ. ಅತ್ತ ಅವ್ವ, “ನೌಕರಿ ಹತ್ತಲಿಲ್ಲ ಅಂದ್ರ ಈ ಸುಗ್ಗಿ ಮುಗಿಯೂದರಾಗ ಮದಿವಿ ಮಾಡಿಬಿಡೂಣು,” ಎಂದು ಗದಗದ ಕಡೆಯ ಒಂದು ಮನೆತನದ ಮೇಲೆ ಕಣ್ಣಿಟ್ಟಿದ್ದಳು. ವರ ಮಾತೇ ಆಡುವವನಲ್ಲವಂತೆ. ಅವ್ವನಿಗೆ ಅದು ಗುಣವಾಗಿ ಕಂಡಿತ್ತು.

“ಅಣ್ಣಾ, ನನಗ ಈ ನೌಕರಿ ಬೇಕು,” ಎಂದಳು ಕಸ್ತೂರಿ. “ಆದರ ಆ ವ್ಯಾಕರಣ ಮತ್ತ ತಗೀಬ್ಯಾಡ. ಅದನ್ನ ಕಂಡ್ರ ನನ್ನ ನಾಲಿಗಿ ಹಿಂದಕ್ಕ ಹೋಗತೈತಿ.”

“ವ್ಯಾಕರಣ ಇಲ್ಲವ್ವಾ. ಹೊಸಾ ಪದ್ಧತಿ. ಟೆಲಿಫೋನಿನಾಕಿ ಏನೇನ್ ಮಾಡಬೇಕು ಅಷ್ಟ ಕಲಸತೇನಿ,” ಎಂದೆ. ಮಾತು ಕೊಟ್ಟಮೇಲೆ ಹೊಳೆಯಿತು: ಟೆಲಿಫೋನಿನಾಕೆ ಏನೇನು ಮಾಡುತ್ತಾಳೆ ಎಂಬುದು ನನಗೇ ಗೊತ್ತಿರಲಿಲ್ಲ. ನಾನು ಅಲ್ಲಿಯವರೆಗೆ ಫೋನನ್ನು ದೂರದಿಂದ ನೋಡಿದ್ದೆನೇ ಹೊರತು ಕಿವಿಗೆ ಹಚ್ಚಿಕೊಂಡವನಲ್ಲ.

ಸಂಶೋಧನೆಗೆ ಹೊರಟೆ. ದೇಶಪಾಂಡೆ ನಗರದ ಒಬ್ಬ ಡಾಕ್ಟರರ ದವಾಖಾನೆಯಲ್ಲಿ ಫೋನ್ ಇತ್ತು. ಅಲ್ಲಿ ಹೋಗಿ ಹೊಟ್ಟೆನೋವೆಂದು ಬೆಂಚಿನ ಮೇಲೆ ಕುಳಿತೆ. ಸರದಿ ಬಂದಾಗಲೆಲ್ಲ, “ನೀವು ಮುಂದ ಹೋಗ್ರಿ, ನನಗ ಈಗ ಸ್ವಲ್ಪ ಅರಾಮ ಐತಿ,” ಎಂದು ಹಿಂದಿನವರನ್ನು ಕಳಿಸಿ, ಕಿವಿಯನ್ನು ಫೋನಿನ ಕಡೆ ಇಟ್ಟುಕೊಂಡೆ. ಆಮೇಲೆ ಪರಿಚಯದ ಬಟ್ಟೆ ವ್ಯಾಪಾರಿಯೊಬ್ಬರ ಗಾದಿಯ ಮೇಲೆ ಕುಳಿತೆ; ಅವರಂತೂ ದಯೆ ತೋರಿ ಫೋನನ್ನು ನನ್ನ ಕಿವಿಗೂ ಒಂದಿಷ್ಟು ಹಿಡಿದರು. ನನಗೆ ಆದ ಆಶ್ಚರ್ಯ ಹೇಳತೀರದು. ಜನ ಮಾತಾಡುವುದು ಕನ್ನಡ, ಮರಾಠಿ, ಹಿಂದಿ ಎಲ್ಲವನ್ನೂ ಸೇರಿಸಿ, ಫೋನಿಲ್ಲದೆಯೂ ಆಚೆ ಊರಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಇಂಗ್ಲಿಷ್ ಇದ್ದದ್ದು ಆಪರೇಟರಳ ಬಾಯಲ್ಲಿ ಮಾತ್ರ. ಅದಾದರೂ ಎಷ್ಟು? ನಂಬರ್ ಪ್ಲೀಜ್. ಹೋಲ್ಡ್ ಆನ್ ಪ್ಲೀಜ್. ದಿ ಲೈನ್ ಈಜ್ ಎಂಗೇಜ್ಡ್. ನೋ ರಿಪ್ಲೈ. ಸ್ಪೀಕ್ ಆನ್. ಇನ್ನೊಂದು ನಾಲ್ಕೈದು, ಅಷ್ಟೆ! ಬಿ.ಎ.ಗೆ ನಾನು ಎಷ್ಟು ನಾಟಕ ಓದಿದ್ದೆ! ರಾಜರು ಸತ್ತಿದ್ದರು, ರಾಣಿಯರು ಹುಚ್ಚರಾಗಿದ್ದರು, ಒಬ್ಬರಾದರೂ ‘ಹೋಲ್ಡ್ ಆನ್’ ಅಂದಿರಲಿಲ್ಲ. ಒಂದು ಸಂಸಾರ ನಡೆಸುವ ಸಂಬಳ ಈ ಒಂದು ಹಿಡಿ ಮಾತಿನಲ್ಲಿದೆ ಎಂದರೆ, ಉಳಿದದ್ದನ್ನೆಲ್ಲ ನಾನು ಯಾಕೆ ಕಲಿತೆ ಎಂಬ ಹೊಸ ಪ್ರಶ್ನೆ ಶುರುವಾಯಿತು.

ಅಡುಗೆಮನೆ ಎಕ್ಸ್‌ಚೇಂಜ್ ಆಯಿತು, ಪಡಸಾಲೆ ಊರಾಯಿತು. ನಡುವೆ ಗೋಡೆ, ಮುಖ ಕಾಣಬಾರದು. ನಾನು ಪಡಸಾಲೆಯಿಂದ ಒಂದು ನಂಬರು ಕೂಗಬೇಕು, ಅವಳು ರೊಟ್ಟಿ ಬಡಿಯುತ್ತ ಉತ್ತರ ಕೊಡಬೇಕು. ಮೊದಲ ದಿನ ಚೆನ್ನಾಗಿಯೇ ಶುರುವಾಯಿತು. “ಲೈನ್ ಈಜ್ ಎಂಗೇಜ್ಡ್,” ಎಂದಳು.

“‘ದಿ’ ಎಲ್ಲಿ ಹೋತು? ದಿ ಲೈನ್. ಯಾಕ ‘ದಿ’ ಬರತೈತಿ ಹೇಳು ನೋಡೂಣು?” ಎಂದೆ.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಎದ್ದು ಹೋಗಿ ನೋಡಿದರೆ ಕಸ್ತೂರಿ ಹಿಟ್ಟಿನ ಕೈಯನ್ನು ಹಾಗೇ ಹಿಡಿದುಕೊಂಡು, ಹಳೆಯ ಮುಖ ಮಾಡಿಕೊಂಡು ಕುಳಿತಿದ್ದಳು. ಸಿಟ್ಟಿನಿಂದ, “ನೀ ‘ದಿ’ ಹಿಡಕೊಂಡು ಕುಂತೀಯಂದ್ರ ಆ ಕಡೆಯಾತ ಫೋನ್ ಇಟ್ಟು ಎದ್ದು ಹೋಗಿರತಾನ. ನನಗ ಬ್ಯಾಡ ನಿನ್ನ ಪಾಠ,” ಎಂದಳು. ಮರುದಿನ ಪಾಠಕ್ಕೆ ಕೂರಲೇ ಇಲ್ಲ. ಅದರ ಮರುದಿನವೂ ಇಲ್ಲ. ಸಂದರ್ಶನ ಹತ್ತಿರ ಬರುತ್ತಿತ್ತು. ಅವ್ವ ಗದಗಿಗೆ ಹೋಗಿಬರುವ ಮಾತೆತ್ತಿದಳು. ನನಗೆ ನಿಜವಾಗಿಯೂ ಭಯವಾಯಿತು. ಹುಡುಗಿಯ ಬಾಯಿ ಕಟ್ಟಿಹೋಗುವುದು ಇಂಗ್ಲಿಷಿನಿಂದಲ್ಲ, ನನ್ನಿಂದ ಎಂದು ಅನುಮಾನ ಬರತೊಡಗಿತು. ಆದರೆ ತಿದ್ದದೇ ಇರುವುದು ಹೇಗೆ? ತಪ್ಪು ಕೇಳಿದರೆ ಮಾಸ್ತರರ ಬಾಯಿ ತಾನಾಗಿಯೇ ತೆರೆದುಕೊಳ್ಳುತ್ತದೆ; ಸೀನು ಬಂದ ಹಾಗೆ.

ಉಪಾಯ ಹೇಳಿದವಳು ಅವ್ವ. ಗದಗದ ಆಸೆ ಇದ್ದರೂ ಮಗಳ ಮುಖ ಅವಳಿಂದ ನೋಡಲಾಗಿರಲಿಲ್ಲ. ಎಲೆಅಡಿಕೆಯ ತಟ್ಟೆಯನ್ನು ನನ್ನ ಮುಂದೆ ನೂಕಿ, “ತುಂಬಿಕೋ ಬಾಯಿ. ಪಾಠ ಮುಗಿಯೂತನಾ ಉಗುಳಬ್ಯಾಡ,” ಎಂದಳು.

ಅಂದಿನಿಂದ ಪಾಠದ ಹೊತ್ತಿಗೆ ಎರಡು ಎಲೆ, ಸುಣ್ಣ, ಅಡಿಕೆ ಸೇರಿಸಿ ಗಲ್ಲ ಉಬ್ಬುವಂತೆ ತುಂಬಿಕೊಂಡು ಕೂರುವುದಾಯಿತು. ತಿದ್ದುವುದೇನೋ ನಿಂತಿತು. ಆದರೆ ನಂಬರು ಕೂಗುವುದೂ ನಾನೇ ಆಗಬೇಕಲ್ಲ! ‘ಟೂ ತ್ರೀ ಫೋರ್’ ಎಂದರೆ ‘ಊ ಈ ಓ’ ಎಂದು ಕೇಳುತ್ತಿತ್ತು. ಕಸ್ತೂರಿ ಮೊದಲು ನಕ್ಕಳು. ಆಮೇಲೆ ತಾನಾಗಿಯೇ, “ನಾಟ್ ಕ್ಲಿಯರ್, ಸರ್. ಪ್ಲೀಜ್ ರಿಪೀಟ್,” ಎಂದಳು. ನಾನು ಮತ್ತೆ ಊ ಈ ಓ. “ಸ್ಲೋಲಿ, ಸರ್. ಒನ್ ಬೈ ಒನ್.” ಇದನ್ನು ನಾನು ಕಲಿಸಿರಲಿಲ್ಲ. ಗೋಡೆಯಾಚೆ ಒಬ್ಬನ ಮಾತು ತಿಳಿಯುತ್ತಿಲ್ಲ, ತಿಳಿಯಲೇಬೇಕು ಎಂಬ ಒಂದೇ ಕಾರಣಕ್ಕೆ ಎಲ್ಲೋ ಮೆಟ್ರಿಕ್ಕಿನ ಪುಸ್ತಕದಲ್ಲಿ ಸತ್ತುಬಿದ್ದಿದ್ದ ಶಬ್ದಗಳು ಎದ್ದು ಬಂದಿದ್ದವು. ಕುತೂಹಲಕ್ಕೆ ನಾನು ಇನ್ನಷ್ಟು ಅಸ್ಪಷ್ಟವಾಗಿ ಕೂಗಿದೆ, ಸಿಟ್ಟಿನಿಂದ ಕೂಗಿದೆ, ಅವಸರದಿಂದ ಕೂಗಿದೆ. ಅವಳು ಪ್ರತಿಯೊಂದಕ್ಕೂ ಏನಾದರೂ ಒಂದು ದಾರಿ ಕಂಡುಕೊಂಡಳು. ವ್ಯಾಕರಣದ ಪ್ರಕಾರ ಅರ್ಧ ಮಾತುಗಳು ಕುಂಟುತ್ತಿದ್ದವು. ಆದರೆ ಕುಂಟುತ್ತಲೇ ಊರು ಮುಟ್ಟುತ್ತಿದ್ದವು.

ಅವ್ವನಿಗೂ ಗಾಳಿ ತಾಗಿತು. ಒಂದು ದಿನ ದೇವರ ಮುಂದೆ ಕೂತಲ್ಲಿಂದಲೇ, “ಕಸ್ತೂರೀ, ಚಹಾ ಆತೇನು?” ಎಂದು ಕೂಗಿದಳು.

“ಲೈನ್ ಎಂಗೇಜ್ಡ್, ಪ್ಲೀಜ್ ಹೋಲ್ಡ್ ಆನ್,” ಎಂದು ಒಳಗಿನಿಂದ ಬಂತು.

“ಹಾಲು ಉಕ್ಕಿಸದಿದ್ರ ಸಾಕು,” ಎಂದು ಅವ್ವ ಜಪಕ್ಕೆ ತಿರುಗಿದಳು. ಅವಳಿಗೆ ಯಾರೂ ಅರ್ಥ ಹೇಳಿರಲಿಲ್ಲ. ಎರಡು ದಿನ ಬಿಟ್ಟು, ನಾನು ಬಾಯಿ ತುಂಬ ಎಲೆ ಇಟ್ಟುಕೊಂಡಿದ್ದಾಗ ಪಕ್ಕದ ಮನೆಯ ಕಾಕಾ ಏನೋ ಕೇಳಲು ಬಂದರೆ, ಅವ್ವ ಬಾಗಿಲಲ್ಲೇ ತಡೆದು, “ಆಮ್ಯಾಲ ಬರ್ರಿ, ಮಾಸ್ತರ ಎಂಗೇಜ ಅದಾನ,” ಎಂದಳು. ಕಾಕಾ ಮನೆಗೆ ಹೋಗಿ, ಮಾಸ್ತರರ ಮದುವೆ ನಿಶ್ಚಯವಾಯಿತಂತೆ ಎಂದು ಸುದ್ದಿ ಹಬ್ಬಿಸಿದರು. ಒಂದೇ ಶಬ್ದಕ್ಕೆ ಎಷ್ಟು ಕೆಲಸವಿದೆ ಎಂದು ನನಗೆ ಅಂದು ತಿಳಿಯಿತು.

ಸಂದರ್ಶನದ ದಿನ ನಾನು ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದೆ. ಒಳಗೆ ಹೋದ ಹುಡುಗಿಯರು ಒಬ್ಬೊಬ್ಬರಾಗಿ ಕಣ್ಣೊರೆಸಿಕೊಳ್ಳುತ್ತ ಹೊರಬರುತ್ತಿದ್ದರು. ಬಹಳ ಹೊತ್ತಾದರೂ ಕಸ್ತೂರಿ ಬರಲಿಲ್ಲ. ಹೋದ ವರ್ಷ ಆ ಇನ್ನೊಂದು ಕಚೇರಿಯ ಸಾಹೇಬರು ಒಂದೇ ಪ್ರಶ್ನೆಗೆ ಅವಳನ್ನು ಕಳಿಸಿದ್ದರು. ಇಷ್ಟು ತಡವಾಗುವುದು ಒಳ್ಳೆಯದೋ ಕೆಟ್ಟದೋ ತಿಳಿಯದೆ ನಾನು ಬೇವಿನ ಕಾಯಿಗಳನ್ನು ಒಂದೊಂದಾಗಿ ಕಾಲಿನಿಂದ ಒದೆಯುತ್ತ ನಿಂತೆ. ಕಡೆಗೆ ಬಂದಳು. ಮುಖ ನೋಡಿದರೆ ಏನೂ ಗೊತ್ತಾಗುವಂತಿರಲಿಲ್ಲ. ಟಾಂಗಾ ಹತ್ತಿದ ಮೇಲೆಯೇ ಬಾಯಿಬಿಟ್ಟಳು.

“ಅಣ್ಣಾ, ಆ ದೊಡ್ಡ ಸಾಹೇಬ್ರು ದಪ್ಪ ಮೀಶಿ ಒಳಗ ಮಾತಾಡತಾರ. ಥೇಟ್ ನಿನ್ನ ಎಲಿಅಡಿಕಿ!”

“ಏನ್ ಕೇಳಿದ್ರು?”

“ಏನ್ ಕೇಳಿದ್ರೋ ದೇವರಿಗೇ ಗೊತ್ತು. ‘ನಾಟ್ ಕ್ಲಿಯರ್, ಸರ್, ಪ್ಲೀಜ್ ರಿಪೀಟ್’ ಅಂದೆ. ಮತ್ತ ಕೇಳಿದ್ರು. ‘ಸ್ಲೋಲಿ, ಸರ್’ ಅಂದೆ. ಬಾಜೂಕ ಕುಂತವರು ನಕ್ಕುಬಿಟ್ರು. ಆಮ್ಯಾಲ ಸಾಹೇಬ್ರ ಸಣ್ಣ ಸಣ್ಣ ಮಾತಿನಾಗ, ಈ ಕೆಲಸ ಯಾಕ ಬೇಕು ಅಂತ ಕೇಳಿದ್ರು. ‘ಐ ಲೈಕ್ ಟಾಕಿಂಗ್, ಸರ್’ ಅಂದೆ.”

ನಾನು ಹಣೆ ಚಚ್ಚಿಕೊಂಡೆ. ಇಂಥ ಉತ್ತರ ಯಾವ ಮಾರ್ಗದರ್ಶಿಯಲ್ಲೂ ಇಲ್ಲ.

“ಕೇಳಿಲ್ಲಿ. ಆಮ್ಯಾಲ ನನ್ನ ಕಿವಿಗೆ ಯಂತ್ರ ಕಟ್ಟಿ, ಅವ್ರು ಒಳಗಿನ ಖೋಲಿಗೆ ಹೋಗಿ ಅಲ್ಲಿಂದ ಬಯ್ಯಾಕ ಶುರು ಮಾಡಿದ್ರು. ‘ಎಷ್ಟು ಹೊತ್ತಾತು ನಂಬರ್ ಕೇಳಿ, ನಿದ್ದಿ ಮಾಡಾಕತ್ತೀರೇನು’ ಅಂತ. ಉಳಿದವರೆಲ್ಲಾ ಇಲ್ಲೇ ಅತ್ತಾರ. ನನಗ ನಗಿ ಬಂತು. ‘ಹೋಲ್ಡ್ ಆನ್ ಪ್ಲೀಜ್, ಐ ಆಮ್ ಟ್ರೈಯಿಂಗ್ ಫಾರ್ ಯು’ ಅಂದೆ.”

“‘ಆಮ್ ಟ್ರೈಯಿಂಗ್’ ಅಂದ್ಯೋ, ‘ಹ್ಯಾವ್ ಬೀನ್ ಟ್ರೈಯಿಂಗ್’ ಅಂದ್ಯೋ? ಬಹಳ ಹೊತ್ತಿನಿಂದ ಅಂದ್ರ...”

“ಅಣ್ಣಾ!” ಎಂದಳು ಕಸ್ತೂರಿ. ಟಾಂಗಾದವನು ಕುದುರೆ ನಿಲ್ಲಿಸಿ ಹಿಂತಿರುಗಿ ನೋಡಿದ.

ಕೆಲಸ ಸಿಕ್ಕಿತು. ಗದಗದ ಮೌನಿ ವರ ಬೇರೆ ಯಾರನ್ನೋ ಮದುವೆಯಾದನಂತೆ. ಆದೇಶ ಬಂದ ದಿನ ಅವ್ವ ಹೂರಣದ ಹೋಳಿಗೆ ಮಾಡಿದಳು, ಕಸ್ತೂರಿಯ ತಲೆ ಸವರಿ ಮೊದಲನೆಯದನ್ನು ಅವಳಿಗೇ ಬಡಿಸಿದಳು. ಕೆಲವೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಯಾರು ಫೋನೆತ್ತಿದರೂ ನನ್ನ ತಂಗಿಯ ದನಿ ಕೇಳಿಸುವ ಸಂಭವವಿತ್ತು. ನಾನು ಈ ಕಥೆಯನ್ನು ಹೊಸ ಪದ್ಧತಿಯ ವಿಜಯವೆಂದು ಸಿಕ್ಕ ಸಿಕ್ಕವರಿಗೆಲ್ಲ ಹೇಳಿದೆ. ಎಲೆಅಡಿಕೆಯ ಭಾಗವನ್ನು ಬಿಟ್ಟು ಹೇಳುತ್ತಿದ್ದೆ. ಕಥೆ ತಿರುಗಿ ತಿರುಗಿ ಧಾರವಾಡದ ದೇಸಾಯಿ ಸರ್ ಅವರ ಕಿವಿಗೂ ಬಿತ್ತು.

ಆ ವರ್ಷ ನಮ್ಮ ಶಾಲೆಗೂ ಫೋನ್ ಬಂದಿತ್ತು. ಹೆಡ್ಮಾಸ್ತರರ ಕೋಣೆಯಲ್ಲಿ ಜರಿಯಂಚಿನ ವಸ್ತ್ರ ಹೊದ್ದುಕೊಂಡು ಕೂತಿತ್ತು. ಒಂದು ದಿನ ನನಗೆ ಕರೆ ಬಂತು. ಇಂಗ್ಲಿಷ್ ಮಾಸ್ತರರ ಜೊತೆ ಫೋನಿನಲ್ಲಿ ಇಂಗ್ಲಿಷನ್ನೇ ಆಡಬೇಕೆಂಬುದು ದೇಸಾಯಿ ಸರ್ ಅವರ ವ್ರತ. ಹೆಡ್ಮಾಸ್ತರರು, ಇಬ್ಬರು ಗುಮಾಸ್ತರು, ಜವಾನ ಎಲ್ಲರೂ ಸುತ್ತ ನಿಂತಿದ್ದರು. ನಾನು ಕಿವಿಗೆ ಹಚ್ಚಿಕೊಂಡೆ. ಆ ಕಡೆಯಿಂದ, “ವುಡ್ ಯು ಮೈಂಡ್ ಕಮಿಂಗ್ ಟು ಧಾರವಾಡ ಆನ್ ಸ್ಯಾಟರ್ಡೇ?” ಎಂದು ಕೇಳಿಸಿತು. ನಾನು ನನ್ನ ತಂಗಿಗೆ ಹೇಗೆ ಕಲಿಸಿದೆನೆಂದು ಎಲ್ಲ ಮಾಸ್ತರರ ಮುಂದೆ ತೋರಿಸಬೇಕಂತೆ. ನನ್ನ ಎದೆ ಉಬ್ಬಿತು. “ಎಸ್, ಸರ್! ವಿತ್ ಪ್ಲೆಷರ್, ಸರ್!” ಎಂದು ಗಟ್ಟಿಯಾಗಿ ಹೇಳಿದೆ. ದೇಸಾಯಿ ಸರ್ “ಐ ಸೀ,” ಎಂದು ಫೋನ್ ಇಟ್ಟರು. “ಏನ್ ಸ್ವಚ್ಛ ಮಾತಾಡಿದ್ರಿ ಮಾಸ್ತರ!” ಎಂದು ಹೆಡ್ಮಾಸ್ತರರು ಕೈಕುಲುಕಿದರು.

ಸಂಜೆ ಕಸ್ತೂರಿ ಮನೆಗೆ ಬಂದವಳೇ ಬಾಗಿಲಲ್ಲಿ ನಿಂತು ಕೇಳಿದಳು: “ಅಣ್ಣಾ, ನಿನಗ ಧಾರವಾಡಕ್ಕ ಹೋಗಾಕ ಏನ್ ಬ್ಯಾಸರಾ?”

“ಬ್ಯಾಸರ ಯಾಕ? ಬರತೇನಿ ಅಂತ ಹೇಳೇನಿ.”

“ಲೈನ್ ಹತ್ತೇತೋ ಇಲ್ಲೋ ಅಂತ ಒಂದು ಘಳಿಗಿ ಕಿವಿ ಇಟ್ಟಿದ್ದೆ. ‘ವುಡ್ ಯು ಮೈಂಡ್’ ಅಂದ್ರ, ಬರಾಕ ನಿಮಗ ಬ್ಯಾಸರ ಏನು ಅಂತ. ನೀ ‘ಹೌದ್ರಿ, ಖುಷೀಲೇ ಬ್ಯಾಸರ್ರಿ’ ಅಂದಿ. ‘ನೋ, ಸರ್’ ಅನ್ನಬೇಕು. ನಾನೂ ಮೊದಲನೇ ವಾರ ಹಂಗ ಅಂದು ಬೈಸಿಕೊಂಡೇನಿ.”

ಅವಳೇ ಸಮಾಧಾನ ಹೇಳಿದಳು. “ಇರಲಿ ಬಿಡು. ನಾಳೆ ಧಾರವಾಡಕ್ಕ ನಾನ ಲೈನ್ ಹಚ್ಚಿಕೊಡತೇನಿ. ‘ಮೈಂಡ್’ ಅಂದಕೂಡಲೆ ‘ನೋ, ಸರ್, ನಾಟ್ ಅಟ್ ಆಲ್, ಸರ್’ ಅಂದುಬಿಡು. ಅನ್ನು ನೋಡೂಣು.” ಅಂದೆ. “ಮತ್ತೊಮ್ಮೆ ಅನ್ನು.” ಮತ್ತೊಮ್ಮೆ ಅಂದೆ. ರಾತ್ರಿ ಊಟದ ಎಲೆಯ ಮುಂದೆಯೂ ಅನ್ನಿಸಿದಳು.

ಮರುದಿನ ಕಸ್ತೂರಿ ಗುರುತಿಲ್ಲದವಳ ದನಿಯಲ್ಲಿ “ಸ್ಪೀಕ್ ಆನ್, ಪ್ಲೀಜ್” ಎಂದು ಲೈನ್ ಕೊಟ್ಟಳು. ನಾನು ಸಿದ್ಧನಾಗಿ ನಿಂತಿದ್ದೆ. ದೇಸಾಯಿ ಸರ್ ಸಂತೋಷದಿಂದಲೇ, “ಹಲೋ! ಹ್ಯಾವ್ ಯು ಚೇಂಜ್ಡ್ ಯುವರ್ ಮೈಂಡ್?” ಎಂದರು. ಮನಸ್ಸು ಬದಲಾಯಿಸಿದಿರಾ ಎಂದು ಕೇಳುತ್ತಿದ್ದರು ಪಾಪ. ನನಗೆ ಕೇಳಿಸಿದ್ದು ಕಡೆಯ ಶಬ್ದ ಮಾತ್ರ.

“ನೋ, ಸರ್! ನಾಟ್ ಅಟ್ ಆಲ್, ಸರ್!” ಎಂದೆ.

ಶನಿವಾರ ಬೆಳಿಗ್ಗೆ ನಾನು ಮನೆಯಲ್ಲೇ ಇದ್ದೆ. ಬಸ್ಸು ಹತ್ತಿ ಹೋಗಿ ಕನ್ನಡದಲ್ಲಿ ವಿವರಿಸಬಹುದಿತ್ತು, ನಿಜ. ಆದರೆ ಏನೆಂದು ಹೇಳುವುದು? ಇಂಗ್ಲಿಷ್ ಕಲಿಸಿದ್ದು ಹೇಗೆಂದು ತೋರಿಸಲು ಬರಬೇಕಾದವನಿಗೆ, ಬರುತ್ತೇನೆಂದು ಹೇಳಲು ಬರಲಿಲ್ಲ ಎಂದೇ? ಧಾರವಾಡದವರೇ ಆದ ಯಾರೋ ಮಾಸ್ತರರು ಆ ಪಾಠ ಮಾಡಿದರೆಂದು ಆಮೇಲೆ ಕೇಳಿದೆ. ಕಸ್ತೂರಿ ಡ್ಯೂಟಿಗೆ ಹೋಗಿದ್ದಳು. ಅವ್ವ ಅಕ್ಕಿ ಆರಿಸುತ್ತ ಕುಳಿತವಳು ತಲೆಯೆತ್ತಿ, “ಇವತ್ತ ಧಾರವಾಡಕ್ಕ ಹೋಗಾವ ಇದ್ದೆಲ್ಲೋ? ಅವರು ಕರೀಲಿಲ್ಲೇನು?” ಎಂದು ಕೇಳಿದಳು.

“ಎರಡ ಸಲ ಕರದ್ರವ್ವಾ,” ಎಂದೆ. “ಆದರ ಇಂಗ್ಲಿಷಿನಾಗ ಕರದ್ರು.”